ನನ್ನ ಕಾಲು, ನಾಲ್ಕು ಜನರ ನೋವು

ನನ್ನ ಬಲಗಾಲಿನ ಮೂಳೆ ಮುರಿದದ್ದು ನೀರಿನ ಟ್ಯಾಂಕಿನ ತಿರುವಿನಲ್ಲಿ, ಬೆಳಗಿನ ಹಿಟ್ಟು ಹಂಚಲು ಹೊರಟಾಗ. ಆದರೆ ‘ಅಯ್ಯಯ್ಯೋ, ಸತ್ತೆ!’ ಎಂದು ಕೂಗಿದ್ದು ನಾನಲ್ಲ, ನನಗೆ ಗುದ್ದಿದ ಟೈಪಿಂಗ್ ಮೇಷ್ಟ್ರು ಶೇಷಗಿರಿ. ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಬೇರೆ ಕಡೆಯಿಂದ ಸೊಸೆಯಾಗಿ ಬಂದವರು, ವರ್ಗವಾಗಿ ಬಂದ ನೌಕರರು ಮೊದಮೊದಲು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆಮೇಲೆ ಅವರಿಗೂ ರೂಢಿಯಾಗುತ್ತದೆ. ರಸ್ತೆಯಲ್ಲಿ ಆದ ಗಾಯದ ನೋವು ನಮ್ಮೂರಲ್ಲಿ ಗಾಯವಾದವರ ಹತ್ತಿರ ನಿಲ್ಲುವುದಿಲ್ಲ. ಗಾಯ ಅವರದೇ, ರಕ್ತ ಅವರದೇ, ಪಟ್ಟಿ ಕಟ್ಟಿಸಿಕೊಳ್ಳಬೇಕಾದವರೂ ಅವರೇ. ನೋವು ಮಾತ್ರ ಗುದ್ದಿದವರಿಗೆ ಹೋಗುತ್ತದೆ.

ಅದಕ್ಕೇ ಗಾಡಿ ಇಟ್ಟವರೆಲ್ಲ ವಿಮೆ ಮಾಡಿಸಲೇಬೇಕು. ಬೇರೆ ಊರುಗಳಲ್ಲಿ ವಿಮೆ ಅಂದರೆ ದುಡ್ಡಂತೆ. ನಮ್ಮಲ್ಲಿ ವಿಮೆ ಅಂದರೆ ಜನ. ನಾಳೆ ನೀವು ಯಾರಿಗಾದರೂ ಗುದ್ದಿದರೆ ಆ ನೋವಿನಲ್ಲಿ ಪಾಲು ತೆಗೆದುಕೊಳ್ಳುತ್ತೇವೆ ಎಂದು ಒಪ್ಪಿಕೊಂಡ ಜನ. ಅವರಿಗೆ ಹೊರೆಗಾರರು ಅನ್ನುತ್ತೇವೆ. ನಿಮ್ಮ ಗಾಡಿಯ ಹ್ಯಾಂಡಲ್ ಮೇಲೆ ಕೈಯಿಟ್ಟು ‘ನನಗಿರಲಿ’ ಎಂದುಬಿಟ್ಟರೆ ಮುಗಿಯಿತು, ಅವರು ನಿಮ್ಮ ಹೊರೆಗಾರರು. ಕ್ಷೌರದಂಗಡಿಯ ಚಿಕ್ಕಹನುಮ ಒಂದು ಇಡೀ ಬೇಸಿಗೆ ಸ್ಟೂಲಿನ ಮೇಲೆ ಕೂತೇ ಗಿರಾಕಿಗಳ ಕೂದಲು ಕತ್ತರಿಸಿದ, ಏಕೆಂದರೆ ಅವನ ಭಾವಮೈದುನ ಯಾರದೋ ಮಂಡಿ ಒಡೆದಿದ್ದ. ಹೆಣ್ಣು ನೋಡಲು ಬಂದಾಗ ಹುಡುಗನಿಗೆ ಬೈಕ್ ಇದೆ ಎಂದರೆ, ‘ಹೊರೆಗಾರರು ಯಾರ್ಯಾರು?’ ಎಂಬುದೇ ಮುಂದಿನ ಪ್ರಶ್ನೆ. ಸಿನಿಮಾ ನೋಡುತ್ತಾ ಕೂತವರು ಇದ್ದಕ್ಕಿದ್ದಂತೆ ‘ಹಾ!’ ಎಂದು ಮೊಣಕೈ ಹಿಡಿದುಕೊಂಡರೆ ಪಕ್ಕದವರು ‘ಏನಾಯ್ತು?’ ಎಂದು ಕೇಳುವುದಿಲ್ಲ, ‘ಯಾರದ್ದು?’ ಎಂದು ಕೇಳುತ್ತಾರೆ.

ನಾನು ಚೆನ್ನಾಜಮ್ಮ. ದೋಸೆ ಹಿಟ್ಟು ರುಬ್ಬಿ ಮೊಪೆಡ್ಡಿನ ಮೇಲೆ ಕ್ಯಾನು ಹೇರಿಕೊಂಡು ಮನೆಮನೆಗೆ ಹಾಕುತ್ತೇನೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದೇನೆ, ಯಾರ ಹಂಗೂ ಬೇಡ ಎಂದುಕೊಂಡು ಇದ್ದವಳು. ನನ್ನ ಗಾಡಿಗೆ ಹೊರೆಗಾರರು ನನ್ನ ಇಬ್ಬರು ಅಣ್ಣಂದಿರು. ಅವರಿಗೆ ಇದುವರೆಗೂ ನನ್ನಿಂದ ಒಂದು ಮುಳ್ಳು ಚುಚ್ಚಿದಷ್ಟೂ ತೊಂದರೆಯಾಗಿಲ್ಲ.

ಗುರುಪಾದ ನನ್ನ ಚಿಕ್ಕಮ್ಮನ ಮಗ, ವಿಮೆ ಕಚೇರಿಯಲ್ಲಿ ಕೆಲಸ. ಮನೆಗೆ ಬಂದನೆಂದರೆ ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ವಿಮೆಯ ಮಾತು. ‘ಅಕ್ಕ, ನಿಂಗೆ ಎದುರು ವಿಮೆ ಇದೆ, ಸರಿ. ಮನೆ ವಿಮೆ ಯಾವಾಗ ಮಾಡಿಸ್ತೀಯ?’ ಎದುರು ವಿಮೆ ನಾವು ಗುದ್ದಿದವರಿಗಾಗಿ, ಅದು ಕಡ್ಡಾಯ. ಮನೆ ವಿಮೆ ನಮಗಾಗಿಯೇ, ಅದು ಅವರವರ ಇಷ್ಟ. ‘ನಂಗ್ಯಾಕೋ ಅದು? ಗಾಡಿ ಓಡಿಸೋಕೆ ಶುರು ಮಾಡಿದಾಗಿಂದ ಒಂದು ಕೋಳಿಗೂ ತಾಗ್ಸಿಲ್ಲ ನಾನು,’ ಎನ್ನುತ್ತಿದ್ದೆ. ಅವನು ಬಿಡುತ್ತಿರಲಿಲ್ಲ. ‘ನೀನು ಚೆನ್ನಾಗಿ ಓಡಿಸ್ತೀಯ ಅಂತ ಊರಿಗೇ ಗೊತ್ತು. ಇದು ನೀನು ಓಡಿಸೋದಕ್ಕಲ್ಲ ಅಕ್ಕ, ಎದುರಿಂದ ಬರೋರು ಓಡಿಸ್ತಾರಲ್ಲ, ಅದಕ್ಕೆ.’ ‘ಅವರು ಗುದ್ದಿದ್ರೆ ನೋವು ಅವರಿಗೇ ಹೋಗುತ್ತೆ. ನನ್ನ ಗಂಟೇನು ಹೋಗುತ್ತೆ?’ ‘ಅವರಿಗೆ ಹೊರೆಗಾರರೇ ಇಲ್ದಿದ್ರೆ? ಇದ್ದೂ ಸಾಕಾಗ್ದಿದ್ರೆ? ಆ ಕಾಫಿಪುಡಿ ಮುಕುಂದನ ಕಥೆ ಮರೆತ್ಯಾ?’

ಮುಕುಂದನ ಕಥೆ ಯಾರೂ ಮರೆಯುವಂತಿರಲಿಲ್ಲ. ಹೊರಗಿನ ಊರಿನ ಲಾರಿಯೊಂದು ಅವನ ಸೈಕಲ್ಲಿಗೆ ಗುದ್ದಿ, ಸೇತುವೆ ದಾಟಿ ಹೊರಟುಹೋಯಿತು. ನಮ್ಮೂರಿನ ನೋವು ಸೇತುವೆ ದಾಟುವುದಿಲ್ಲ. ಆ ಡ್ರೈವರಿಗೆ ಇಲ್ಲಿ ಹೊರೆಗಾರರೂ ಇರಲಿಲ್ಲ, ಮುಕುಂದನಿಗೆ ಮನೆ ವಿಮೆಯೂ ಇರಲಿಲ್ಲ. ಮುರಿದ ಭುಜದ ನೋವೆಲ್ಲ ಅವನೇ ಅನುಭವಿಸಿದ. ಆ ಚಳಿಗಾಲವೆಲ್ಲ ಒಂದೇ ಕೈಯಲ್ಲಿ ಕಾಫಿಬೀಜ ಹುರಿದ. ಅವನ ಅಂಗಡಿಯಿಂದ ಪುಡಿ ತಂದ ನಾವು, ಕಾಫಿ ಯಾಕೋ ಕಹಿ ಎಂದು ಮಾತಾಡಿಕೊಂಡೆವು.

ಕೊನೆಗೆ ಒಂದು ಭಾನುವಾರ ಗುರುಪಾದನ ಕಾಟ ತಪ್ಪಿದರೆ ಸಾಕೆಂದು ಒಪ್ಪಿದೆ. ಭಾನುವಾರ ನನ್ನ ಬಾಗಿಲಲ್ಲಿ ಪಾತ್ರೆ ಹಿಡಿದವರ ಸಾಲು. ಅವತ್ತು ಸಾಲಿನಲ್ಲಿ ದಸ್ತಗೀರ್ ಸಾಬರು ಇದ್ದರು, ನಮ್ಮ ಬೀದಿಯ ಲೇಡೀಸ್ ಟೈಲರ್. ಅವರ ಹಿಂದೆ ಪಂಕಜಾಕ್ಷಿ. ಇವಳು ಹಿಂದಿನ ಬೀದಿಯಲ್ಲಿ ಹಿಟ್ಟು ಮಾರುವವಳು. ನಾನು ಎರಡು ಬೀದಿ ಹೆಚ್ಚಿಗೆ ಸುತ್ತಿದರೆ ಅವಳು ಮೂರು ಸುತ್ತುತ್ತಾಳೆ. ನಾನು ಇಡ್ಲಿ ಹಿಟ್ಟು ಶುರು ಮಾಡಿದರೆ ಅವಳು ಅದಕ್ಕೆ ಕ್ಯಾರೆಟ್ ತುರಿದು ಹಾಕುತ್ತಾಳೆ. ನಮ್ಮಿಬ್ಬರಿಗೂ ಮಾತಿರಲಿಲ್ಲ. ಅವತ್ತು ಅವಳ ಗ್ರೈಂಡರಿನ ಬೆಲ್ಟು ಕಿತ್ತುಹೋಗಿತ್ತು. ತನ್ನ ಗಿರಾಕಿಗಳಿಗೆ ಕೊಡಲು ನನ್ನ ಹಿಟ್ಟನ್ನೇ ಕೊಳ್ಳಲು ಬಂದು, ಅವಮಾನವನ್ನು ಮುಚ್ಚಿಕೊಳ್ಳಲು ಆಕಾಶ ನೋಡುತ್ತಾ ನಿಂತಿದ್ದಳು.

ಗುರುಪಾದನಿಗೆ ಇಷ್ಟು ಸಾಕಾಯಿತು. ‘ಸಾಬ್ರೇ, ಒಂದು ಕೈ ಇಡಿ ನಮ್ಮಕ್ಕನ ಭುಜದ ಮೇಲೆ. ಪಂಕಜಾಕ್ಷಮ್ಮ, ನಿಮಗೂ ಮನೆ ವಿಮೆ ಇಲ್ಲ ಅಲ್ವಾ? ನೀವು ಇವಳಿಗೆ, ಇವಳು ನಿಮಗೆ. ಎರಡೂ ಕಡೆ ಕೆಲಸ ಮುಗೀತು!’ ಮನೆ ವಿಮೆಗೆ ಹ್ಯಾಂಡಲ್ ಮೇಲಲ್ಲ, ಭುಜದ ಮೇಲೆ ಕೈಯಿಡಬೇಕು. ದಸ್ತಗೀರ್ ಸಾಬರು ನಗುತ್ತಾ, ‘ನನಗಿರಲಿ ಚೆನ್ನಕ್ಕ, ನಿಮ್ಮ ಹಿಟ್ಟು ತಿಂದು ಬೆಳೆದ ಮೈ ಇದು,’ ಎಂದು ಕೈಯಿಟ್ಟರು. ಪಂಕಜಾಕ್ಷಿ ಇಟ್ಟಾಗ ನಾನು ಗೋಡೆ ನೋಡುತ್ತಿದ್ದೆ. ನಾನು ಅವಳ ಭುಜದ ಮೇಲೆ ಇಟ್ಟಾಗ ಅವಳು ಹಿಟ್ಟಿನ ಕ್ಯಾನು ನೋಡುತ್ತಿದ್ದಳು. ಹಿಂದೆ ನಿಂತವರು ಬೇಗ ಬೇಗ ಎಂದು ಪಾತ್ರೆ ಬಡಿಯುತ್ತಿದ್ದರು.

ಅದಾಗಿ ಮಳೆಗಾಲ ಕಳೆದ ಮೇಲೆ ಟ್ಯಾಂಕಿನ ತಿರುವಿನ ಪ್ರಸಂಗ. ಶೇಷಗಿರಿ ಮೇಷ್ಟ್ರು ನಮ್ಮೂರಿನ ಅರ್ಧ ಜನಕ್ಕೆ ಟೈಪಿಂಗ್ ಕಲಿಸಿದವರು. ಇನ್‌ಸ್ಟಿಟ್ಯೂಟ್ ಮುಚ್ಚಿ, ಕೂದಲು ಬೆಳ್ಳಗಾದ ಮೇಲೆ ಸ್ಕೂಟರ್ ಕಲಿತರು. ಅವರು ನನ್ನನ್ನು ದೂರದಿಂದಲೇ ನೋಡಿದರು, ನಾನೂ ಅವರನ್ನು ನೋಡಿದೆ. ಬ್ರೇಕ್ ಹಿಡಿಯುತ್ತಾರೆ ಎಂದುಕೊಂಡೆ. ಅವರು ಹ್ಯಾಂಡಲನ್ನೇ ಗಟ್ಟಿಯಾಗಿ ಹಿಡಿದು, ಇನ್ನಷ್ಟು ವೇಗವಾಗಿ ನೇರ ನನ್ನ ಮೇಲೇ ಬಂದರು. ಕಣ್ಣು ಬಿಟ್ಟಾಗ ನಾನು ರಸ್ತೆಯಲ್ಲಿ ಕೂತಿದ್ದೆ. ಸುತ್ತ ಹಿಟ್ಟು, ಇಳಿಜಾರಿನಲ್ಲಿ ಹರಿದುಹೋಗುತ್ತಿರುವ ಹಿಟ್ಟು, ಹಿಟ್ಟಿನಲ್ಲಿ ಜಾರಿ ಬಿದ್ದು ಎದ್ದ ಒಬ್ಬ ಪೇಪರ್ ಹಾಕುವವನು. ನನ್ನ ಬಲಗಾಲು ಬೇರೆ ಯಾರದೋ ಕಾಲಿನ ಹಾಗೆ ವಾರೆಯಾಗಿ ಬಿದ್ದಿತ್ತು. ಮೇಷ್ಟ್ರು ಒಂಟಿಕಾಲಿನಲ್ಲಿ ಕುಣಿಯುತ್ತಾ, ‘ಕ್ಷಮಿಸಿಮ್ಮಾ, ಅಯ್ಯೋ, ಕ್ಷಮಿಸಿ, ಅಮ್ಮಮ್ಮಾ,’ ಎನ್ನುತ್ತಿದ್ದರು. ಅದೇ ಹೊತ್ತಿಗೆ ಅವರ ಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದ ಅವರ ಹೆಂಡತಿ ವನಜಮ್ಮ ಬಲಗಾಲು ಹಿಡಿದುಕೊಂಡು, ‘ನಮ್ಮನೆಯವರು ಯಾರಿಗೋ ಗುದ್ದಿದ್ರು ಅಂತ ಕಾಣುತ್ತೆ,’ ಎಂದು ಪಕ್ಕದ ಮನೆಯವರಿಗೆ ಹೇಳಿದರಂತೆ.

ನನಗೆ ಮೊದಲು ಏನೂ ಅನ್ನಿಸಲಿಲ್ಲ. ಹಿಟ್ಟು ಹೋಯಿತಲ್ಲ ಎಂಬ ಸಂಕಟ ಒಂದೇ. ಆಮೇಲೆ ಒಲೆಯ ಮೇಲೆ ಹಾಲು ಏರುವ ಹಾಗೆ ನೋವು ಮೆಲ್ಲಗೆ ಏರಿತು. ಏರುತ್ತಲೇ ಹೋಯಿತು. ಮೇಷ್ಟ್ರ ಹೊರೆಗಾರರು ವನಜಮ್ಮ ಒಬ್ಬರೇ. ಗಂಡ ಹೆಂಡಿರಿಬ್ಬರ ಮೈಯೂ ಹಳೆಯದು, ಹಳೆಯ ಮೈ ಹೆಚ್ಚು ಹಿಡಿಯುವುದಿಲ್ಲ. ಅವರಿಬ್ಬರೂ ತುಂಬಿ, ಉಳಿದದ್ದೆಲ್ಲ ದಾರಿ ಕಾಣದೆ ನನ್ನ ಕಾಲಿಗೇ ವಾಪಸು ಬಂದಿತ್ತು. ಆಸ್ಪತ್ರೆಯಲ್ಲಿ ಮೂಳೆ ಕೂಡಿಸುತ್ತಾ ಡಾಕ್ಟರು, ‘ಅವರ ಕಡೆ ಯಾರಿದ್ದಾರೆ?’ ಎಂದು ಕೇಳಿದರು. ‘ಮೇಷ್ಟ್ರು, ಅವರ ಹೆಂಡ್ತಿ,’ ಎಂದೆ. ‘ಅಷ್ಟೇನಾ?’ ಎಂದು ನನ್ನ ಮುಖ ನೋಡಿ, ‘ನಿಮ್ಮ ಮನೆ ಕಡೆಯವರನ್ನ ಕರೀರಿ ಮತ್ತೆ,’ ಎಂದರು.

ಗುರುಪಾದ ಆಸ್ಪತ್ರೆಗೆ ಓಡಿ ಬಂದ. ಅವನ ಮುಖದಲ್ಲಿ ಗಾಬರಿಗಿಂತ ಸಂಭ್ರಮವೇ ಹೆಚ್ಚಿತ್ತು. ‘ಅಕ್ಕ, ನಾನು ಹೇಳ್ತಿದ್ದೆನಲ್ಲ, ಇದೇ! ಇದಕ್ಕೇ ಮನೆ ವಿಮೆ! ಎದುರಿನವರದ್ದು ಪೂರ್ತಿ ಮುಗಿದ್ಮೇಲೆ ಉಳಿದಿದ್ದು ನಮ್ಮವರಿಗೆ. ಈಗ ಇಬ್ಬರ ಹೆಸರೂ ಹಿಡಿದು ಕೂಗು, ಹಗುರ ಆಗ್ತೀಯ.’ ಇಬ್ಬರನ್ನೂ ಕರೆಯಬೇಕು, ಒಬ್ಬರ ಮೇಲೇ ಹೊರಿಸುವಂತಿಲ್ಲ, ಅದು ಮನೆ ವಿಮೆಯ ಕಟ್ಟಳೆ. ದಸ್ತಗೀರ್ ಸಾಬರ ಹೆಸರು ನನ್ನ ನಾಲಿಗೆಯ ತುದಿಗೆ ಬಂತು. ಪಂಕಜಾಕ್ಷಿಯ ಹೆಸರು ಗಂಟಲಲ್ಲೇ ನಿಂತಿತು. ‘ತಡ್ಕೋತೀನಿ ಬಿಡೋ,’ ಎಂದೆ. ‘ಅಕ್ಕ, ಹಟ ಮಾಡ್ಬೇಡ.’ ‘ಹಟ ಅಲ್ಲ ಕಣೋ. ಬೆಳಗಾದ್ರೆ ನನ್ನ ಗಿರಾಕಿ ಮನೆಗೆಲ್ಲ ಅವಳು ಹೋಗಿರ್ತಾಳೆ. ಅಂಥವಳ ಹತ್ರ ಕಾಲು ನೋವು ಅಂತ ಅಳ್ಲಾ?’

ತಡೆದುಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮನೆಗೆ ಬಂದು ಹಾಸಿಗೆಯ ಅಂಚು ಹಿಡಿದುಕೊಂಡು ಮಲಗಿದೆ. ಕೆಮ್ಮಿದರೆ ನೋವು, ಯಾರಾದರೂ ಬಾಗಿಲು ಹಾಕಿದ ಸದ್ದಿಗೂ ನೋವು. ಅರ್ಧ ನೋವೇ ಇಷ್ಟಾದರೆ ಇನ್ನರ್ಧ ಹೊತ್ತ ಆ ಇಬ್ಬರು ಏನು ಮಾಡುತ್ತಿರಬಹುದು ಎಂದು ಒಮ್ಮೆ ಯೋಚನೆ ಬಂತು, ಆದರೆ ಅದು ನಿಲ್ಲಲಿಲ್ಲ. ನೋವಿದ್ದಾಗ ಬೇರೆಯವರ ಯೋಚನೆಗೆ ಜಾಗ ಇರುವುದಿಲ್ಲ.

ಮೂರನೆಯ ಬೆಳಿಗ್ಗೆ ಪಂಕಜಾಕ್ಷಿಯೇ ಬಂದಳು. ಬಾಗಿಲು ತಟ್ಟಲಿಲ್ಲ, ತಳ್ಳಿಕೊಂಡೇ ಬಂದಳು. ‘ಯಾಕೆ ಕರೀಲಿಲ್ಲ?’ ಎಂದಳು. ನಾನು ಹೊದಿಕೆ ಎಳೆದುಕೊಂಡೆ. ‘ನಿನ್ನನ್ನೇ ಕೇಳ್ತಿರೋದು. ಅವತ್ತು ಅಷ್ಟು ಜನರ ಎದುರು ನಿನ್ನ ಭುಜ ಮುಟ್ಟಿದ್ದು ಯಾಕೆ, ಧೂಳು ಕೊಡವೋಕಾ?’ ‘ನಿಂಗ್ಯಾಕಮ್ಮ ತೊಂದರೆ,’ ಎಂದೆ ಗೋಡೆಯ ಕಡೆ ತಿರುಗಿ. ಅವಳು ನನ್ನ ಮಂಚದ ಮೇಲೇ ಕೂತಳು. ಮಂಚ ಅಲುಗಿ ನನ್ನ ಪ್ರಾಣ ಹೋದ ಹಾಗಾಯಿತು. ‘ನೋಡು, ನಂಗೂ ಗಾಡಿ ಇದೆ. ನಂಗೂ ಎದುರಿಂದ ಲಾರಿ ಬರುತ್ತೆ. ಇವತ್ತು ನೀನು ನನ್ನ ಕರೀಲಿಲ್ಲ ಅಂದ್ರೆ ನಾಳೆ ನಾನು ಯಾವ ಬಾಯಲ್ಲಿ ನಿನ್ನ ಕರೀಲಿ? ನಿನ್ನ ಜಂಬದಿಂದ ನನ್ನ ವಿಮೆ ಹಾಳಾಗ್ತಿದೆ, ಅದು ಗೊತ್ತಾ ನಿಂಗೆ?’

ನನಗೆ ಇದು ಹೊಳೆದೇ ಇರಲಿಲ್ಲ. ಕೇಳದೆ ಇರುವುದು ನನ್ನ ದೊಡ್ಡತನ ಎಂದುಕೊಂಡಿದ್ದೆ. ಅದರಿಂದ ಇನ್ನೊಬ್ಬರ ಬಾಯಿಯೂ ಕಟ್ಟಿಹೋಗುತ್ತದೆ ಎಂದು ಯಾರು ಯೋಚಿಸುತ್ತಾರೆ? ‘ದಸ್ತಗೀರ್ ಸಾಬ್ರೇ,’ ಎಂದೆ ಮೆಲ್ಲಗೆ. ಆಮೇಲೆ, ‘ಪಂಕಜಾಕ್ಷಿ.’ ಅವಳು ‘ಸ್ಸ್’ ಎಂದು ಉಸಿರು ಎಳೆದುಕೊಂಡು ಬಲಗಾಲು ಚಾಚಿದಳು. ನನ್ನ ಕಾಲು ಖಾಲಿಯಾಯಿತು. ಬೀದಿಯ ಆ ತುದಿಯಿಂದ, ಹೊಲಿಗೆ ಯಂತ್ರದ ಸದ್ದು ನಿಂತು, ‘ಯಾ ಅಲ್ಲಾ!’ ಎಂದು ಕೇಳಿಸಿತು. ‘ಇಷ್ಟು ನೋವು ಇಟ್ಕೊಂಡು ಬಿದ್ದಿದ್ಯಲ್ಲೇ, ಕತ್ತೆ,’ ಎಂದಳು ಪಂಕಜಾಕ್ಷಿ. ನಮ್ಮ ಸ್ನೇಹ ಶುರುವಾದದ್ದು ಆ ಮಾತಿನಿಂದ.

ನೋವು ಇಲ್ಲದ ಮುರಿದ ಕಾಲು ಅಪಾಯದ ವಸ್ತು. ಮೊದಲ ದಿನ ಕಣ್ತುಂಬ ನಿದ್ದೆ ಮಾಡಿದೆ. ಎರಡನೆಯ ದಿನ ಸುಮ್ಮನೆ ಕೂತು ಬೇಜಾರಾಯಿತು. ಅದರ ಮರುದಿನ ಅಕ್ಕಿ ನೆನೆಹಾಕಿದರೇನು ಅನ್ನಿಸಿತು. ಪ್ಲಾಸ್ಟರ್ ಹಾಕಿದ ಕಾಲು ಎಳೆದುಕೊಂಡು ಅಡುಗೆಮನೆಗೆ ಹೋದೆ, ಏನೂ ಆಗಲಿಲ್ಲ. ಗ್ರೈಂಡರ್ ತೊಳೆದೆ, ಏನೂ ಆಗಲಿಲ್ಲ. ಡಾಕ್ಟರು ಸುಮ್ಮನೆ ಹೆದರಿಸಿದ್ದಾರೆ, ಕಾಲು ಗಟ್ಟಿಯಾಗಿದೆ ಎಂದುಕೊಂಡು, ಉದ್ದಿನ ಡಬ್ಬಿ ಇಳಿಸಲು ಮುರಿದ ಕಾಲಿನ ಮೇಲೇ ಭಾರ ಬಿಟ್ಟು ತುದಿಗಾಲಲ್ಲಿ ನಿಂತೆ.

ಡಬ್ಬಿ ಇಳಿಸಿ ಉದ್ದು ಅಳೆಯುತ್ತಿರುವಾಗ ಬಾಗಿಲಲ್ಲಿ ಗದ್ದಲ. ನೋಡಿದರೆ ನಾಲ್ಕೂ ಜನ. ದಸ್ತಗೀರ್ ಸಾಬರು, ಪಂಕಜಾಕ್ಷಿ, ಮೇಷ್ಟ್ರು, ವನಜಮ್ಮ. ನಾಲ್ವರೂ ಬಲಗಾಲು ಎತ್ತಿಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು, ಒಂದೇ ತಾಳದಲ್ಲಿ ಕುಂಟುತ್ತಾ ಬರುತ್ತಿದ್ದಾರೆ. ಬೀದಿಯವರೆಲ್ಲ ಜಗುಲಿಗೆ ಬಂದು ನಿಂತಿದ್ದರು. ‘ಏನ್ ಮಾಡಿದ್ರಿ ಈಗ?’ ಎಂದರು ದಸ್ತಗೀರ್ ಸಾಬರು. ಅವರ ಕೈಯಲ್ಲಿ ಇನ್ನೂ ಕತ್ತರಿ ಇತ್ತು. ‘ಮದುಮಗಳ ರವಿಕೆ ಕತ್ತರಿಸ್ತಿದ್ದೆ ಚೆನ್ನಕ್ಕ! ತೋಳಿನ ಹತ್ರ ಬರೋವಾಗ ಎಂಥ ಏಟು ಬಂತು ಅಂದ್ರೆ, ಕತ್ತರಿ ಬೆನ್ನಿನ ತನಕ ಹೋಗ್ಬಿಡ್ತು. ಈಗ ಅದನ್ನ ಫ್ಯಾಶನ್ ಅಂತ ಹೇಳ್ಬೇಕು ನಾನು!’ ಪಂಕಜಾಕ್ಷಿ, ‘ನನ್ನ ಮೆಂತ್ಯದ ಡಬ್ಬಿ ಪೂರ್ತಿ ಗ್ರೈಂಡರಿಗೆ ಬಿತ್ತು. ನಾಳೆ ಊರೆಲ್ಲ ಕಹಿ ದೋಸೆ ತಿನ್ನುತ್ತೆ, ನಿನ್ನ ಹೆಸರು ಹೇಳಿ,’ ಎಂದಳು. ಮೇಷ್ಟ್ರು ಜಗುಲಿಯ ಮೇಲೆ ಕುಸಿದರು. ವನಜಮ್ಮ ಮಾತ್ರ ನಗುತ್ತಾ, ‘ಉದ್ದಿನ ಡಬ್ಬಿ ಮೇಲೆ ಇಟ್ಟಿದ್ರಾ? ತುದಿಗಾಲಲ್ಲಿ ನಿಂತ ಹಾಗಿತ್ತು,’ ಎಂದರು.

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವರೆಲ್ಲ ಅಲ್ಲೇ ಕೂತು ತೀರ್ಮಾನ ಮಾಡಿದರು, ನನ್ನನ್ನು ಒಬ್ಬಳೇ ಬಿಡುವಂತಿಲ್ಲ. ನನ್ನ ಮೇಲಿನ ಪ್ರೀತಿಗಿಂತ ತಂತಮ್ಮ ಕಾಲಿನ ಮೇಲಿನ ಪ್ರೀತಿಗೆ ಎಂದು ಪಂಕಜಾಕ್ಷಿ ಸ್ಪಷ್ಟವಾಗಿ ಹೇಳಿದಳು. ಅಂದಿನಿಂದ ನನ್ನ ಮನೆಯ ಜಗುಲಿ ಖಾಲಿ ಇದ್ದದ್ದೇ ಇಲ್ಲ. ದಸ್ತಗೀರ್ ಸಾಬರು ಹುಕ್ಕು ಹಾಕುವ ರವಿಕೆಗಳನ್ನು ಇಲ್ಲಿಗೇ ತಂದರು. ಮೇಷ್ಟ್ರು ಪೇಪರ್ ಓದಿ ಹೇಳುತ್ತಿದ್ದರು. ಪಂಕಜಾಕ್ಷಿ ನನ್ನ ಗ್ರೈಂಡರಿನಲ್ಲೇ ಎರಡೂ ಬೀದಿಯ ಹಿಟ್ಟು ರುಬ್ಬುತ್ತಿದ್ದಳು. ಮೆಂತ್ಯ ಎಷ್ಟು ಹಾಕಬೇಕೆಂದು ದಿನಾ ಜಗಳ. ಅವಳು ಚಿಟಿಕೆ ಎನ್ನುವುದು, ನಾನು ಚಮಚ ಎನ್ನುವುದು. ಕೂತವರೆಲ್ಲರ ಬಲಗಾಲೂ ಒಂದೊಂದು ಸ್ಟೂಲಿನ ಮೇಲೆ. ನಾನು ಮಗ್ಗುಲು ಬದಲಿಸಿದರೆ ಜಗುಲಿಯಿಂದ ಒಟ್ಟಿಗೆ ‘ಸ್ಸ್’ ಎಂಬ ಸದ್ದು. ಗಿರಾಕಿಗಳು ಪಾತ್ರೆ ಹಿಡಿದು ಬಂದವರು ಹಿಟ್ಟು ತೆಗೆದುಕೊಂಡ ಮೇಲೂ ಹೋಗುತ್ತಿರಲಿಲ್ಲ.

ಆ ಗಲಾಟೆಯಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬೀಳಲು ತಡವಾಯಿತು. ಎಲ್ಲರೂ ‘ಸ್ಸ್’ ಎನ್ನುವಾಗ ವನಜಮ್ಮ ಅನ್ನುತ್ತಿರಲಿಲ್ಲ. ನಗುತ್ತಿದ್ದರು. ನಗುವಾಗ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದರು. ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋಗಿದ್ದಾಗ, ಅವರು ನನಗೆ ನೀರು ತರಲು ಎದ್ದು, ಗೋಡೆ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತದ್ದನ್ನು ಕಂಡೆ. ನಿಂತೇ ಇದ್ದರು. ‘ವನಜಮ್ಮ, ರಾತ್ರಿ ನಿದ್ದೆ ಬರುತ್ತಾ ನಿಮಗೆ?’ ಎಂದು ಕೇಳಿದೆ. ‘ಬರುತ್ತೆ ಬರುತ್ತೆ,’ ಎಂದರು. ಬಾಗಿಲಲ್ಲಿದ್ದ ಮೇಷ್ಟ್ರು, ‘ಇಲ್ಲ,’ ಎಂದರು. ಒಳಗೆ ಬಂದು ನನ್ನೆದುರು ನೆಲದ ಮೇಲೇ ಕೂತರು. ‘ಮಲಗೋದೇ ಇಲ್ಲ ಇವಳು. ನಾನು ಎಚ್ಚರ ಆದಾಗೆಲ್ಲ ಕೂತಿರ್ತಾಳೆ. ತಪ್ಪು ನಂದೇ ಚೆನ್ನಾಜಮ್ಮ. ವಿಮೆ ಮಾಡಿಸೋವಾಗ ಕಚೇರಿಯವರು, ಇನ್ನೂ ನಾಲ್ಕು ಜನರನ್ನ ಕೇಳಿ ಅಂದ್ರು. ಊರಿಗೆಲ್ಲ ಟೈಪಿಂಗ್ ಕಲ್ಸಿದ್ದೀನಿ, ನಂಗಾಗಿ ಯಾರನ್ನೂ ಏನೂ ಕೇಳಿ ಅಭ್ಯಾಸ ಇಲ್ಲ. ನಾಚಿಕೆ ಆಯ್ತು. ಇವಳೊಬ್ಬಳನ್ನೇ ಕರ್ಕೊಂಡು ಹೋಗಿ ಕೈ ಇಡಿಸಿದೆ.’ ‘ನಾನೇ ಇಟ್ಟಿದ್ದು, ನೀವೇನೂ ಇಡಿಸ್ಲಿಲ್ಲ,’ ಎಂದರು ವನಜಮ್ಮ ಗೋಡೆ ಬಿಡದೆ.

ನಮ್ಮೂರಲ್ಲಿ ನೋವು ವಾಪಸು ತೆಗೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಹೆಸರು ಹಿಡಿದು ಕೇಳಿದರೆ ಸಾಕು. ಆದರೆ ಯಾರೂ ಕೇಳುವುದಿಲ್ಲ. ಹೋದ ನೋವನ್ನು ಕರೆದು ಕೂರಿಸಿಕೊಳ್ಳುವವರು ಯಾರು? ನನಗೂ ಧೈರ್ಯ ಒಂದೇ ಸಲಕ್ಕೆ ಬರಲಿಲ್ಲ. ಆ ಮೂರು ದಿನ ಹಾಸಿಗೆಯ ಅಂಚು ಹಿಡಿದು ಮಲಗಿದ್ದು ಮೈಗೆ ನೆನಪಿತ್ತು. ವನಜಮ್ಮ ಗೋಡೆ ಬಿಟ್ಟು, ನೀರಿನ ಲೋಟ ಎತ್ತಿಕೊಂಡು, ಒಂದು ಹನಿಯೂ ಚೆಲ್ಲದ ಹಾಗೆ ನನ್ನ ಹತ್ತಿರ ತಂದುಕೊಟ್ಟರು. ನಾನು ಲೋಟ ತೆಗೆದುಕೊಂಡು, ‘ವನಜಮ್ಮ, ನನ್ನದು ನನಗಿರಲಿ,’ ಎಂದೆ.

ಲೋಟ ಕೈಯಿಂದ ಬಿತ್ತು. ಅಷ್ಟು ಸಣ್ಣ ಮೈಯಲ್ಲಿ ಅವರು ಅಷ್ಟೊಂದು ಇಟ್ಟುಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ. ನಾನು ಇಷ್ಟು ದಿನ ಮಗ್ಗುಲು ಬದಲಿಸಿದ್ದು, ಬೇಜಾರಿಗೆ ಕಾಲು ಕುಣಿಸಿದ್ದು, ತುದಿಗಾಲಲ್ಲಿ ನಿಂತದ್ದು ಎಲ್ಲ ಏನಾಗಿತ್ತು ಎಂದು ಆಗ ತಿಳಿಯಿತು. ಕಿರುಚಿದೆನಂತೆ. ಊಟ ಮುಗಿಸಿ ಬೀದಿಯಲ್ಲಿ ಬರುತ್ತಿದ್ದ ಪಂಕಜಾಕ್ಷಿ ಓಡಿಬಂದು, ವಿಷಯ ಕೇಳಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ಯಾರನ್ನ ಕೇಳಿ ವಾಪಸ್ ತಗೊಂಡೆ?’ ‘ನನ್ನ ಕಾಲು ಕಣೇ,’ ಎಂದೆ ಹಲ್ಲು ಕಚ್ಚಿಕೊಂಡು. ‘ನಿನ್ನ ಕಾಲು ಅಂತ ಯಾರು ಹೇಳಿದ್ದು? ಇಷ್ಟು ದಿನ ಅದನ್ನ ಕಾಪಾಡಿದ್ದು ನಾವು!’ ಎಂದು ಬೈಯುತ್ತಲೇ ನನ್ನ ಕಾಲಡಿಗೆ ದಿಂಬು ಸರಿಸಿದಳು. ಬೈಗುಳ ಮುಗಿದ ಮೇಲೆ, ನನ್ನ ತಲೆ ಒತ್ತುತ್ತಾ ಕೂತಳು. ಮೆಂತ್ಯದ ವಿಷಯ ಎತ್ತಲಿಲ್ಲ.

ವನಜಮ್ಮ ಅವತ್ತು ನನ್ನ ಮನೆಯ ನಡುಮನೆಯಲ್ಲೇ ಚಾಪೆ ಹಾಸಿಕೊಂಡು ಮಲಗಿ, ಮರುದಿನ ಹೊತ್ತು ನೆತ್ತಿಗೆ ಬಂದ ಮೇಲೆ ಎದ್ದರು. ಎದ್ದವರು ಎರಡೂ ಕಾಲು ಊರಿ ನಿಂತು ನೋಡಿಕೊಂಡರು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ನನ್ನ ಅಡುಗೆಮನೆಯ ಡಬ್ಬಿಗಳೆಲ್ಲ ಕೈಗೆಟುಕುವ ಹಾಗೆ ಕೆಳಗಿಳಿದವು. ಹಿತ್ತಲಿನ ಕರಿಬೇವಿನ ಗಿಡಕ್ಕೆ ಪಾತಿ ಆಯಿತು. ಪಂಕಜಾಕ್ಷಿಯ ಗಾಡಿ ಹಿಂದೆ ಕೂತು ಹಿಟ್ಟು ಹಂಚಲೂ ಹೊರಟರು. ಒಂದು ದಿನ ವಾಪಸು ಬಂದು, ‘ರೀ, ಇನ್ಮೇಲೆ ಸ್ಕೂಟರ್ ನಾನು ಓಡಿಸ್ತೀನಿ. ನೀವು ಹಿಂದೆ ಕೂತ್ಕೊಳ್ಳಿ,’ ಎಂದು ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ಪೇಪರಿನ ಹಿಂದಿನಿಂದಲೇ, ‘ಆಗ್ಲಿ,’ ಎಂದರು. ಅವರಿಗೆ ಹಗುರಾದದ್ದು ನಮಗೆಲ್ಲ ಕಾಣಿಸಿತು.

ಆದರೆ ಹೊರೆಗಾರರಿಲ್ಲದೆ ಸ್ಕೂಟರ್ ಬೀದಿಗಿಳಿಯುವಂತಿಲ್ಲ ಎಂದು ಗುರುಪಾದ ಪಟ್ಟು ಹಿಡಿದ. ‘ಮೇಷ್ಟ್ರೇ, ಕೇಳಿ. ಬಾಯಿ ಬಿಟ್ಟು ಕೇಳಿ. ನಾನು ಪಕ್ಕದಲ್ಲೇ ನಿಂತಿರ್ತೀನಿ.’ ಭಾನುವಾರ, ಹಿಟ್ಟಿನ ಸಾಲು ನಿಂತಿರುವಾಗ, ಸ್ಕೂಟರನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿದರು. ಮೇಷ್ಟ್ರು ಎದ್ದು, ಗಂಟಲು ಸರಿಮಾಡಿಕೊಂಡು, ಮೂರು ಸಲ ಬಾಯಿ ತೆರೆದು ಮುಚ್ಚಿದರು. ಕೊನೆಗೆ, ‘ನನಗೆ... ನಮಗೆ, ಜನ ಬೇಕಾಗಿದೆ,’ ಎಂದರು. ಅಷ್ಟೇ ಸಾಕಾಯಿತು. ಸಾಲಿನಲ್ಲಿದ್ದ ಕೋರ್ಟು ಗುಮಾಸ್ತೆ, ಪಾತ್ರೆ ಕೆಳಗಿಟ್ಟು ಬಂದು ಹ್ಯಾಂಡಲ್ ಮೇಲೆ ಕೈಯಿಟ್ಟಳು. ‘ನನಗಿರಲಿ ಸಾರ್. ನಿಮ್ಮ ಹತ್ರ ಕಲಿತಿದ್ದಕ್ಕೇ ಅಲ್ವಾ ನನಗೆ ಕೆಲಸ ಸಿಕ್ಕಿದ್ದು.’ ಅವಳ ಹಿಂದೆ ಕಾಫಿಪುಡಿ ಮುಕುಂದ, ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಹ್ಯಾಂಡಲ್ ಮೇಲೆ ಜಾಗ ಸಾಲದೆ ಕನ್ನಡಿ, ಸೀಟು, ಮಡ್‌ಗಾರ್ಡ್ ಎಲ್ಲದರ ಮೇಲೂ ಕೈ. ‘ಸೀಟಿನ ಮೇಲೆ ಇಟ್ಟರೆ ನಡೆಯುತ್ತೇನಪ್ಪ?’ ಎಂದು ಯಾರೋ ಕೇಳಿದರು. ಗುರುಪಾದ, ‘ಇವತ್ತು ನಡೆಯುತ್ತೆ,’ ಎಂದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು. ನನಗೂ ಅಷ್ಟೊತ್ತು ಕಾಲಿನ ನೆನಪಾಗಲಿಲ್ಲ.

ನೋವು ಬಳಿಯಲ್ಲೇ ಇದ್ದದ್ದರಿಂದ ನಾನು ಸುಮ್ಮನಿದ್ದೆ, ಸುಮ್ಮನಿದ್ದದ್ದರಿಂದ ಕಾಲು ಕೂಡಿತು. ಚಳಿ ಶುರುವಾಗುವ ಹೊತ್ತಿಗೆ ಡಾಕ್ಟರು ಪ್ಲಾಸ್ಟರ್ ಕತ್ತರಿಸಿದರು. ಒಳಗಿದ್ದ ಕಾಲು ಬೆಳ್ಳಗೆ, ಒಣಗಿ, ನನ್ನದಲ್ಲದ ಹಾಗಿತ್ತು. ‘ಮನೆಗೆ ಹೋಗಿ ಮೆಲ್ಲಗೆ ಊರಿ ನೋಡಿ. ನಿಮ್ಮವರೆಲ್ಲ ಎದುರಿಗಿರಲಿ,’ ಎಂದರು. ನನ್ನ ಪಾಲಿನ ನೋವು ಅಷ್ಟು ಹೊತ್ತಿಗೆ ತೆಳ್ಳಗಾಗಿಹೋಗಿತ್ತು. ಆದರೆ ಅದನ್ನು ನಂಬುವಂತಿರಲಿಲ್ಲ. ಪೂರ್ತಿ ಸಂಗತಿ ನನ್ನೊಬ್ಬಳ ಕಾಲಿನಲ್ಲಿ ಇರಲಿಲ್ಲವಲ್ಲ.

ಅಂಗಳದಲ್ಲಿ ಎಲ್ಲರೂ ಸೇರಿದರು. ಮೇಷ್ಟ್ರು, ದಸ್ತಗೀರ್ ಸಾಬರು, ಪಂಕಜಾಕ್ಷಿ ಸಾಲಾಗಿ ಬೆಂಚಿನ ಮೇಲೆ ಕೂತು ಬಲಗಾಲು ಮುಂದಕ್ಕೆ ಚಾಚಿದರು. ವನಜಮ್ಮ ನನ್ನ ತೋಳು ಹಿಡಿದುಕೊಂಡರು. ನಾನು ಕಾಲು ಎತ್ತಿದೆ. ದಸ್ತಗೀರ್ ಸಾಬರು ಕಣ್ಣು ಮುಚ್ಚಿದರು. ಮೇಷ್ಟ್ರು ಬೆಂಚಿನ ಅಂಚು ಹಿಡಿದರು. ಪಂಕಜಾಕ್ಷಿ ಮಾತ್ರ ಕಣ್ಣು ಮುಚ್ಚದೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಕಾಲನ್ನು ನೆಲಕ್ಕೆ ತಾಗಿಸಿದೆ. ಭಾರ ಬಿಟ್ಟೆ. ಒಂದು ಹೆಜ್ಜೆ. ನನಗೆ ಏನೂ ಅನ್ನಿಸಲಿಲ್ಲ, ಆದರೂ ಉಸಿರು ಬಿಡದೆ ಬೆಂಚಿನ ಕಡೆ ನೋಡಿದೆ. ದಸ್ತಗೀರ್ ಸಾಬರು ಒಂದು ಕಣ್ಣು ತೆರೆದರು. ಮೇಷ್ಟ್ರು ತಮ್ಮ ಮೊಣಕಾಲನ್ನು ಮುಟ್ಟಿ ನೋಡಿಕೊಂಡರು.

‘ನೋವಾಯ್ತಾ?’ ಎಂದು ಕೇಳಿದೆ.

ಪಂಕಜಾಕ್ಷಿ ತನ್ನ ಬಲಗಾಲನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಹೆಬ್ಬೆರಳು ಮಡಿಸಿ ಬಿಡಿಸಿದಳು. ‘ಇಲ್ಲ,’ ಎಂದಳು. ‘ಇನ್ನೊಂದು ಹೆಜ್ಜೆ ಇಡು.’